ಐದು ಯಾರದು?

ಲೈಟು ಹಾಗೇ ಇರಲಿ, ಆರಿಸಬೇಡಿ. ಇದು ಎಲ್ಲೋ ಓದಿದ್ದಲ್ಲ, ನಮ್ಮ ಸೋದರತ್ತೆಯ ಮಗ ಭಾವನಿಗೇ ಆದದ್ದು. ಕಂಪ್ಯೂಟರ್ ರಿಪೇರಿ ಅವನ ಕಸುಬು.

ಅವತ್ತು ಅಂಗಡಿ ಮುಚ್ಚುವಾಗ ಹೊತ್ತಾಗಿತ್ತು. ಪ್ರೆಸ್ಸಿನವರ ಹಳೇ ಕಂಪ್ಯೂಟರಿನ ಡಬ್ಬವನ್ನು ಮನೆಯಲ್ಲೇ ಕೂತು ಸರಿಮಾಡೋಣ ಅಂತ ಹೆಗಲಿಗೇರಿಸಿಕೊಂಡು ಹೊರಟ. ಪಾಳುಬಾವಿ ದಾಟುತ್ತಿದ್ದಾನೆ... ಕಿವಿಯ ಪಕ್ಕದಲ್ಲೇ, ಡಬ್ಬದೊಳಗೆ, ಚಿಟಕ್.

ನಿಂತ. ಸದ್ದಿಲ್ಲ. ಹೆಜ್ಜೆ ಇಟ್ಟ... ಚಿಟಕ್.

ಆ ಸದ್ದು ಅವನಿಗೆ ಚೆನ್ನಾಗಿ ಗೊತ್ತು. ಕಂಪ್ಯೂಟರಿನೊಳಗೆ ಸಿಕ್ಕಿಸುವ ಕಾರ್ಡಿನ ತಂತಿಮುಳ್ಳುಗಳ ಮೇಲೆ ಅಕ್ಕಿಕಾಳಿನಷ್ಟು ಪುಟ್ಟ ಟೋಪಿ ಕೂರಿಸುವ ಸದ್ದು; ಟೋಪಿ ಯಾವ ಮುಳ್ಳಿಗೋ ಅದೇ ಆ ಕಾರ್ಡಿನ ನಂಬರು. ಹಾಗೆ ಪ್ರತಿ ಕಾರ್ಡಿಗೂ ಕೈಯಾರೆ ನಂಬರು ಕೊಡುತ್ತಿದ್ದವರು ಅಂಗಡಿಯ ಹಿರಿಯ ಮೆಕ್ಯಾನಿಕ್, ಚಿಮಟ ಮೇಷ್ಟ್ರು. ಮುಚ್ಚಳ ಹಾಕುವ ಮುಂಚೆ ಒಂದೇ ಪ್ರಶ್ನೆ, "ಐದು ಯಾರದು? ಏಳು ಯಾರದು?" ಒಂದೇ ನಂಬರು ಇಬ್ಬರಿಗೆ ಹೋದರೆ ಯಂತ್ರ ಕೆಟ್ಟಿತು ಅಂತಲೇ ಲೆಕ್ಕ.

ಮೇಷ್ಟ್ರು ತೀರಿಕೊಂಡು ಎರಡು ತಿಂಗಳಾಗಿತ್ತು.

ಭಾವನಿಗೆ ಈ ಟೋಪಿ ಕೆಲಸವೆಂದರೆ ನಗು. ಎಲ್ಲ ಆಟೊಮ್ಯಾಟಿಕ್ ಬಂದಿದೆ, ಯಂತ್ರವೇ ನಂಬರು ಹಂಚುತ್ತೆ ಅನ್ನುತ್ತಿದ್ದ. ಈ ಡಬ್ಬಕ್ಕೆ ಹೊಸ ಕಾರ್ಡು ಹಾಕಿದವನೂ ಅವನೇ. ಹಳೇ ಕಾರ್ಡು ಐದರ ಮೇಲೆ ಕೂತಿದೆ ಅಂತ ಯಂತ್ರಕ್ಕೆ ಮೊದಲೇ ತಿಳಿಸಬೇಕಿತ್ತು, ತಿಳಿಸಲಿಲ್ಲ. ಅದು ಹೊಸದಕ್ಕೂ ಐದನ್ನೇ ಕೊಟ್ಟಿತು. ಎರಡೂ ಕಚ್ಚಾಡಿ ಪ್ರೆಸ್ಸಿನವರು ಟೈಪು ಮಾಡಿಟ್ಟಿದ್ದ ಇಡೀ ಪುಸ್ತಕ ಹಾಳಾಯಿತು. ಅಂಗಡಿ ಯಜಮಾನರು ಕೇಳಿದಾಗ ಭಾವ ಹೇಳಿದ್ದು, "ಐದಕ್ಕೆ ಕೂರಿಸಿದ್ದು ಮೇಷ್ಟ್ರು." ಸುಳ್ಳಲ್ಲ ನೋಡಿ. ಅದೇ ನಾಚಿಕೆಗೇಡು. ಮೇಷ್ಟ್ರು ಅವನಿಗೆ ಒಂದು ಮಾತೂ ಅನ್ನದೆ ಕೆಲಸ ಬಿಟ್ಟು ಹೋದರು.

ಈಗ ಬಾವಿಕಟ್ಟೆಯ ಕಡೆಯಿಂದ ಪಿಸುದನಿ.

"ಐದು... ಯಾರದು?"

"ತಪ್ಪು ನಂದು ಮೇಷ್ಟ್ರೇ..."

"ನನಗ್ಯಾಕಪ್ಪಾ ಹೇಳ್ತೀಯ..."

ಆಮೇಲೆ ಬಾವಿಯೊಳಗಿನ ಕಪ್ಪೆಗಳ ವಟವಟ ಅಷ್ಟೇ.

ಬೆಳಗ್ಗೆ ಡಬ್ಬ ಹೊತ್ತು ತಂದು ಯಜಮಾನರ ಮುಂದೆ ನಿಂತ. ತಲೆ ಎತ್ತದೆ ಎಲ್ಲ ಒಪ್ಪಿಕೊಂಡ. ಅವರು ಬೈಯಲೂ ಇಲ್ಲ.

"ಗೊತ್ತು ಕಣಯ್ಯಾ. ಕೆಲಸ ಬಿಟ್ಟು ಹೋಗೋ ದಿನ ಮೇಷ್ಟ್ರೇ ಹೇಳಿದ್ರು. ಅವನ ಮನೇಲಿ ಎಳೆಕೂಸಿದೆ, ತಪ್ಪು ನನ್ನ ಹೆಸರಲ್ಲೇ ಇರ್ಲಿ ಅಂದ್ರು."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಭಾವನಿಗೆ. ಬಾವಿ ಹತ್ತಿರವೂ ಅಷ್ಟು ಬೆವರಿರಲಿಲ್ಲವಂತೆ.

ಇಬ್ಬರೂ ಸೇರಿ ಡಬ್ಬ ಬಿಚ್ಚಿದರು. ಹಳೇ ಕಾರ್ಡಿನ ಟೋಪಿ ಐದು ಬಿಟ್ಟು ಏಳರ ಮೇಲೆ ಕೂತಿತ್ತು. ಪುಸ್ತಕ ಹಾಳಾದ ದಿನವೇ ಮುಚ್ಚಳದ ತಿರುಪಿನ ಮೇಲೆ ಯಜಮಾನರೇ ಸಹಿ ಹಾಕಿ ಅಂಟಿಸಿದ್ದ ಚೀಟಿ, ಅವರು ಬಿಚ್ಚುವವರೆಗೂ ಹರಿದಿರಲಿಲ್ಲ. ಆಣೆ ಮಾಡಿ ಹೇಳ್ತೀನಿ, ಆ ಚೀಟಿಯನ್ನ ನಾನೂ ನೋಡಿದ್ದೀನಿ.