ಸೌಂಡಿನ ಡ್ರೈವರ್

ತಾರ್ನಾಕದ ಬಸ್‌ಸ್ಟಾಪಿನ ತೆಲುಗು ಗದ್ದಲದಲ್ಲಿ ಕನ್ನಡ ಕೇಳಿ ಪ್ರಫುಲ್ಲಾ ಕಿವಿಗೊಟ್ಟಳು. ಹಿಂದೆ ನಿಂತಿದ್ದ ಗಂಡ-ಹೆಂಡತಿ ಜಗಳಕ್ಕಿಳಿದಿದ್ದರು.

“ಎಷ್ಟು ಡ್ರೈವರ್ ತೆಗೆದು ಹಾಕೀರಿ?”

ಅಷ್ಟೊಂದು ಕಾರಿದ್ದವರು ಬಸ್ಸಿಗೇಕೆ ಕಾಯುತ್ತಾರೆ ಎಂದುಕೊಂಡಳು ಪ್ರಫುಲ್ಲಾ.

“ಬಳಸದ್ದೆಲ್ಲಾ ತೆಗೆದೆ. ಪ್ರಿಂಟರ್ ಕೆಟ್ಟು ಯಾವ ಕಾಲ ಆತು, ಅದರ ಡ್ರೈವರ್ ಇನ್ನೂ ಕಂಪ್ಯೂಟರಿನ್ಯಾಗ ಕುಂತಿತ್ತು.”

ಇದು ಯಂತ್ರ ನಡೆಸುವ ಸಾಫ್ಟ್‌ವೇರಿನ ಮಾತೆಂದು ತಿಳಿದು ಪ್ರಫುಲ್ಲಾ ನಗು ನುಂಗಿಕೊಂಡಳು.

“ಪ್ರಿಂಟರಿಂದು ಹೋಗ್ಲಿರಿ. ಸೌಂಡಿನ ಡ್ರೈವರ್ ಯಾಕ ತೆಗೆದ್ರಿ? ಈಗ ಕಂಪ್ಯೂಟರ್ ಮೂಕ ಆಗೇತಿ.”

“ಅದರಾಗಿಂದ ಒಂದು ಸಪ್ಪಳಾನೂ ನಾ ಕೇಳಿಲ್ಲ. ಯಾರೂ ಬಳಸಂಗಿಲ್ಲ ಅನ್ಕೊಂಡೆ.”

“ತೀರಿಕೊಂಡ ನಮ್ಮವ್ವನ ಹಾಡು ಅದೊಂದರಾಗ ಉಳಿದೈತಿ. ದಿನಾ ಮಧ್ಯಾಹ್ನ ಹಚ್ಚತೀನಿ. ಆಯಿತವಾರ ನೀವು ಬಾಜೂಕ ಕುಂತೇ ಪೇಪರ್ ಓದತಿರತೀರಿ!”

“ಹೌದೇನು? ಒಮ್ಮೆರೆ ಹೇಳಬೇಕಿಲ್ಲೋ?”

“ಹೇಳೀನ್ರಿ, ಭಾಳ ಸಲ ಹೇಳೀನಿ. ನಿಮ್ಮ ಕಿವಿಯ ಡ್ರೈವರ್ ಮದುವಿ ಆದ ವರ್ಷಾನ ತೆಗೆದು ಒಗೆದೀರಿ, ಕಾಣತೈತಿ.”

ಬಸ್ಸು ಬಂತು. ಆಕೆ ಹೆಂಗಸರ ಬಾಗಿಲಿಗೆ ನಡೆದಳು, ಆತ ಹಿಂದಿನ ಬಾಗಿಲಿಗೆ ಓಡಿದ.

“ಮನಿಗೆ ಹೋಗಿ ವಾಪಸ್ ಹಾಕತೀನಿ! ಕೇಳಿಸ್ತೇನು?” ಎಂದು ಅಲ್ಲಿಂದಲೇ ಕೂಗಿದ.

ಇಡೀ ಬಸ್‌ಸ್ಟಾಪಿಗೆ ಕೇಳಿಸಿತು. ಆಕೆ ಮಾತ್ರ ತಿರುಗಿಯೂ ನೋಡದೆ ಬಸ್ಸು ಹತ್ತಿದಳು.