ಒಳಗಿನ ಚಿಲಕ

ಓದುವವರಲ್ಲಿ ಮೊದಲೇ ಒಂದು ಅರಿಕೆ. ನನ್ನ ಅಕ್ಷರ ದುಂಡಗಿಲ್ಲ, ಮಾತೂ ನಯವಾಗಿಲ್ಲ. ಶಾಲೆಯ ಮೆಟ್ಟಿಲು ಹತ್ತಿದಷ್ಟೇ ಬೇಗ ಇಳಿದವಳು ನಾನು. ಕಥೆಯನ್ನು ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ ಮಾತಿನ ನಡುವಿನಿಂದಲೇ ಬರೆದಿದ್ದೇನೆ. ಮಾತಾಡುತ್ತಿರುವವಳು ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಒಬ್ಬ ತಾಯಿ. ಕೇಳುತ್ತಿರುವವನು ಅವಳ ಮನೆಗೆ ಕೆಲಸಕ್ಕೆ ಬಂದ ಬಡಗಿ. ಅವನು ಕೊನೆಯವರೆಗೂ ಬಾಯಿ ಬಿಡುವುದಿಲ್ಲ.

…ಅಲ್ಲ ಅಣ್ಣ, ಚಿಲಕ ಹೊರಗಡೆ ಅಲ್ಲ. ಒಳಗಡೆ. ಒಳಗಿರೋರು ಹಾಕ್ಕೊಳ್ಳೋ ಹಾಗೆ, ಹೊರಗಿರೋರು ತೆಗೆಯೋಕೆ ಆಗದ ಹಾಗೆ. ಹೌದು, ಮಗಳ ಕೋಣೆಗೇ. ಹದಿಮೂರು ತುಂಬಿದೆ ಅವಳಿಗೆ. ಯಾಕೆ ಹುಬ್ಬು ಹಾರಿಸ್ತೀರಿ? ನಿಮ್ಮ ಮನೆಯಲ್ಲಿ ಹೆಣ್ಣುಮಕ್ಕಳಿಲ್ವಾ?… ಇದ್ದಾರಲ್ಲ. ಹಾಗಾದ್ರೆ ನನ್ನ ಮಾತು ಅರ್ಥವಾಗುತ್ತೆ ನಿಮಗೆ.

ಚಹಾ ಕಿಟಕಿ ಮೇಲೆ ಇಟ್ಟಿದ್ದೀನಿ. ಬಾಯಿ ತುಂಬ ಸ್ಕ್ರೂ ಕಚ್ಕೊಂಡು ಅದನ್ನ ಹೇಗೆ ಕುಡೀತೀರೋ ದೇವರಿಗೇ ಗೊತ್ತು. ಪರವಾಗಿಲ್ಲ, ನೀವು ಮಾತಾಡೋದು ಬೇಡ. ನೀವು ಕೈ ಆಡಿಸಿ, ನಾನು ಬಾಯಿ ಆಡಿಸ್ತೀನಿ. ಕೆಲಸದಲ್ಲಂತೂ ನನಗೆ ಮಾತಿಲ್ಲ. ಆ ಒಗೆಯೋ ಯಂತ್ರಗಳ ಸದ್ದಿನಲ್ಲಿ ಯಾರ ಮಾತು ಯಾರ ಕಿವಿಗೆ ಬೀಳುತ್ತೆ? ಮನೆಗೆ ಬಂದ್ರೆ… ಮನೆಯಲ್ಲಿ ಈಗ ಗೋಡೆ ಜೊತೆ ಮಾತಾಡಬೇಕು.

ಮಗಳಾ? ಅತ್ತೆ ಮನೆಗೆ ಹೋಗಿದ್ದಾಳೆ. ಅವಳಪ್ಪನ ತಂಗಿ, ನನ್ನ ನಾದಿನಿ. ನಿಮಗೆ ಗೊತ್ತಲ್ಲ, ನಿಮ್ಮ ಅಂಗಡಿಯ ಮೇಲಿನ ಮನೆಯೇ ಅವಳದು. ರಜ ಅಂತ ಹೋದಳು… ಹಾಗೆ ನೋಡಬೇಡಿ ಅಣ್ಣ. ಸರಿ, ರಜ ಇಲ್ಲ. ದಿನಾ ಬ್ಯಾಗು ಹೊತ್ಕೊಂಡು ನಿಮ್ಮ ಅಂಗಡಿ ಮುಂದೆಯೇ ಶಾಲೆಗೆ ಹೋಗೋಳ ವಿಷಯದಲ್ಲಿ ನಿಮಗೆ ಸುಳ್ಳು ಹೇಳಿ ದಕ್ಕಿಸ್ಕೊಳ್ಳೋಕಾಗುತ್ತಾ? ಸ್ವಲ್ಪ ಮುನಿಸು. ತಾಯಿ ಮಗಳ ಮುನಿಸು ಎಷ್ಟು ಹೊತ್ತು? ಒದ್ದೆ ಬಟ್ಟೆ ಒಣಗುವಷ್ಟು ಹೊತ್ತು. ಅಷ್ಟೇ.

ಚೆನ್ನಾಗಿದ್ದಾಳಾ?… ತಲೆ ಅಲ್ಲಾಡಿಸಿದ್ರಲ್ಲ, ಅದು ಹೌದೋ ಅಲ್ಲವೋ?… ಹೌದಾ. ನಗ್ತಾ ಇರ್ತಾಳಾ?… ಸರಿ. ಸರಿ ಬಿಡಿ. ನೀವು ಅಳತೆ ನೋಡಿ.

ಈ ಚಿಲಕ ಇವತ್ತಿನ ಜಗಳ ಅಲ್ಲ. ಮೊದಲು ಮೂಲೆ ಅಂಗಡಿಗೆ ಒಬ್ಬಳೇ ಹೋಗ್ತೀನಿ ಅಂದಳು. ಕಳಿಸಿದೆ. ಕಳಿಸಿ, ಅವಳು ಮೂಲೆ ತಿರುಗೋವರೆಗೂ ಮಹಡಿ ಮೇಲೆ ನಿಂತು ನೋಡಿದೆ. ಆಮೇಲೆ ಬಸ್ಸಿನಲ್ಲಿ ಒಬ್ಬಳೇ ಅಂದಳು. ಕಳಿಸಿದೆ. ಕಳಿಸಿ, ಅದರ ಹಿಂದೆ ಬಂದ ಬಸ್ಸು ಹತ್ತಿ ನಾನೂ ಹೋದೆ. ನಗ್ತೀರಾ? ನಗಿ, ನಗಿ. ಗೊತ್ತಾದಾಗ ಅವಳೂ ನಕ್ಕಳು. ‘ಅಮ್ಮಾ, ನಿನಗಿಂತ ನನ್ನ ನೆರಳೇ ವಾಸಿ. ನಡುಮಧ್ಯಾಹ್ನ ಒಂದು ಗಳಿಗೆಯಾದ್ರೂ ಕಾಲ ಕೆಳಗೆ ಅಡಗಿರುತ್ತೆ’ ಅಂದಳು. ಈ ವರ್ಷ ಶುರುವಾಯ್ತು ನೋಡಿ, ಚಿಲಕ. ‘ಬಚ್ಚಲಿಗೆ ಚಿಲಕ ಇದೆ, ಬೀರುವಿಗೆ ಬೀಗ ಇದೆ, ಸಕ್ಕರೆ ಡಬ್ಬಕ್ಕೂ ಮುಚ್ಚಳ ಇದೆ. ಈ ಮನೆಯಲ್ಲಿ ಮುಚ್ಕೊಳ್ಳೋಕೆ ಏನೂ ಇಲ್ಲದವಳು ನಾನೊಬ್ಬಳೇ.’ ಮಾತು ಕೇಳಿದ್ರಾ? ಅಪ್ಪನ ಬಾಯಿ ಅದು. ಅವರಿದ್ದಿದ್ರೆ ಇಬ್ಬರೂ ಸೇರ್ಕೊಂಡು ನನ್ನ ಬಾಯಿಗೆ ಬೀಗ ಹಾಕ್ತಿದ್ರು.

‘ಚಿಲಕ ಹಾಕ್ಕೊಂಡು ಒಳಗೆ ಏನು ಮಾಡ್ತೀಯೇ?’ ಅಂದೆ. ‘ಏನೂ ಮಾಡಲ್ಲ’ ಅಂದಳು. ‘ಏನೂ ಮಾಡದೇ ಇರೋದಕ್ಕೆ ಚಿಲಕ ಯಾಕೆ?’ ‘ಏನೂ ಮಾಡ್ತಿಲ್ಲ ಅಂತ ನೀನು ನೋಡದೇ ನಂಬೋದನ್ನ ಕಲೀಲಿ ಅಂತ.’ ಇದಕ್ಕೆ ಏನು ಉತ್ತರ ಕೊಡ್ತೀರಿ ನೀವು? ನಾನು ಹೋಗಿ ಪಾತ್ರೆ ತೊಳೆದೆ.

ನಾನು ಬಟ್ಟೆ ಒಣಹಾಕೋಳು ಅಣ್ಣ. ಕ್ಲಿಪ್ಪು ಸಡಿಲಾದ್ರೆ ಗಾಳಿ ಎತ್ಕೊಂಡು ಹೋಗುತ್ತೆ. ಬಿಗಿಯಾದ್ರೆ ಬಟ್ಟೆಗೆ ಕಚ್ಚಿದ ಗುರುತು ಉಳಿಯುತ್ತೆ, ಇಸ್ತ್ರಿಗೂ ಜಗ್ಗಲ್ಲ ಅದು. ಚಾದರಕ್ಕೆ ಎಷ್ಟು ಬಿಗಿ ಅಂತ ನನ್ನ ಕೈಗೆ ಗೊತ್ತು. ಮಗಳಿಗೆ ಎಷ್ಟು ಅಂತ ಯಾರ ಕೈಗೆ ಗೊತ್ತು ಹೇಳಿ?

ಅಲ್ಲೇನು ಬೆರಳಲ್ಲಿ ಸವರ್ತಿದ್ದೀರಿ? ಆ ತೂತುಗಳಾ… ಕ್ಯಾಲೆಂಡರು ತೂಗುಹಾಕಿದ್ವಿ. ಹೌದು, ಹೊರಗಡೆ, ಬಾಗಿಲ ಅಂಚಿಗೆ. ಮೊಳೆ ತೂತು ಅಲ್ಲ, ಸ್ಕ್ರೂ ತೂತು ಅಂತ ನನಗೂ ಗೊತ್ತು. ಚೌಕಟ್ಟಿನಲ್ಲೂ ಇವೆ, ಗೊತ್ತು… ನೋಡಿ, ನೀವು ಬಾಯಿಬಿಟ್ಟು ಏನೂ ಕೇಳಲೇ ಇಲ್ಲ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗೆ ನಾನೇ ಮುಟ್ಕೊಳ್ತಿದ್ದೀನಿ. ಚಿಲಕ ಇತ್ತು. ಹೊರಗಡೆ. ನಾನೇ ಹಾಕಿದ್ದೆ, ನಾನೇ ಕಿತ್ತೆ. ಯಾಕೆ ಹಾಕಿದೆ ಅನ್ನೋದನ್ನ ಕೇಳಿ, ಆಮೇಲೆ ಬೇಕಾದ್ರೆ ಎದ್ದು ಹೋಗಿ.

ನಮ್ಮದು ಆಸ್ಪತ್ರೆಯ ನೆಲಮಾಳಿಗೆ. ಮೇಲಿಂದ ಗಂಟುಗಂಟು ಬರುತ್ತೆ: ಚಾದರ, ದಿಂಬಿನ ಚೀಲ, ರೋಗಿಗಳ ನಿಲುವಂಗಿ. ಗಾಯ ಆಗಿ ಬಂದವರ ಬಟ್ಟೆಯನ್ನ ಮೇಲೆ ಕತ್ತರಿಸಿ ತೆಗೀತಾರೆ, ಬಿಚ್ಚೋಕೆ ಪುರುಸೊತ್ತು ಎಲ್ಲಿರುತ್ತೆ. ಒಂದೊಂದು ಸಲ ಅದೂ ಚಾದರದ ಜೊತೆ ಸುತ್ಕೊಂಡು ಕೆಳಗೆ ಬಂದ್ಬಿಡುತ್ತೆ. ನಾವು ಜೇಬು ನೋಡಲೇಬೇಕು. ಒಂದು ಪೆನ್ನು ಒಳಗೆ ಹೋದ್ರೆ ಯಂತ್ರದ ಬಟ್ಟೆಯೆಲ್ಲ ನೀಲಿ. ಹಾಗೆ ನೋಡ್ತಾ ನೋಡ್ತಾ ನನ್ನ ಬೆರಳಿಗೆ ಎಷ್ಟು ಜನರ ಜೇಬು ಗೊತ್ತು. ಮುಖ ಒಂದೂ ಗೊತ್ತಿಲ್ಲ.

ಒಂದು ಶನಿವಾರ, ಶಾಲೆ ಬೇಗ ಬಿಡೋ ದಿನ, ಒಂದು ಲಂಗ ಬಂತು. ನೀಲಿ. ನನ್ನ ಮಗಳ ಶಾಲೆಯದೇ. ನಡುವಿನಿಂದ ಕೆಳಗಿನವರೆಗೆ ಕತ್ತರಿ ಆಡಿತ್ತು. ಕೆಳಗಿನ ಮಡಿಕೆ ಬಿಚ್ಚಿ ಉದ್ದ ಮಾಡಿದ್ರು ಅದನ್ನ, ಹಳೇ ಹೊಲಿಗೆಯ ಗೆರೆ ಹಾಗೇ ಇತ್ತು. ನಾನೂ ಅದೇ ವಾರ ನನ್ನ ಮಗಳ ಲಂಗದ ಮಡಿಕೆ ಬಿಚ್ಚಿದ್ದೆ. ಜೇಬಿಗೆ ಕೈ ಹಾಕಿದೆ… ಒಂದು ಪೆಪ್ಪರ್‌ಮಿಂಟು. ಅರ್ಧ ಚೀಪಿ, ಆಮೇಲೆ ತಿನ್ನೋಣ ಅಂತ ಮತ್ತೆ ಅದೇ ಕಾಗದದಲ್ಲಿ ಸುತ್ತಿಟ್ಟದ್ದು.

ಯಾರದು ಅಂತ ಕೇಳೋಕೆ ನಾನು ಮೇಲೆ ಹೋಗಲಿಲ್ಲ. ಕಾಲು ಮನೆ ಕಡೆ ಓಡ್ತು. ಚಪ್ಪಲಿ ಅಲ್ಲೇ ಬಿಟ್ಟಿದ್ದೀನಿ, ಅದೂ ಗೊತ್ತಾಗಿಲ್ಲ. ಬಂದು ನೋಡಿದ್ರೆ ಇವಳು ಬಾಚಣಿಗೆ ಮೈಕಿನ ಹಾಗೆ ಹಿಡ್ಕೊಂಡು ಕನ್ನಡಿ ಮುಂದೆ ಹಾಡ್ತಿದ್ದಾಳೆ. ‘ಏನಮ್ಮಾ, ದೆವ್ವ ನೋಡಿದ ಹಾಗೆ ನೋಡ್ತೀಯ?’ ಅಂದಳು. ಹೇಗೆ ಹೇಳಲಿ? ಅವಳ ಲಂಗ ಗೂಟದಲ್ಲಿ ನೇತಾಡ್ತಿತ್ತು. ಅದರ ಜೇಬಿಗೂ ಕೈ ಹಾಕಿ ನೋಡಿದೆ ಅಣ್ಣ. ಖಾಲಿ ಇತ್ತು. ಆದ್ರೂ ಕೈ ತೆಗೆಯೋಕೆ ಆಗಲಿಲ್ಲ.

ಅವತ್ತಿಂದ ನನಗೆ ನಿದ್ದೆ ಹೋಯ್ತು. ಕಣ್ಣು ಮುಚ್ಚಿದ್ರೆ ಆ ಲಂಗ ನಡ್ಕೊಂಡು ಬರುತ್ತೆ, ಬರೀ ಲಂಗ. ಚಿಲಕ ಕೊಂಡ್ಕೊಂಡು ಬಂದೆ. ಶಾಲೆ ಇರೋ ದಿನ ಅಲ್ಲ. ರಜದ ದಿನ ನಾನು ಕೆಲಸಕ್ಕೆ ಹೋಗೋ ಹೊತ್ತು ಮಾತ್ರ, ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ. ನೀರಿಟ್ಟೆ, ಊಟ ಇಟ್ಟೆ. ಮೊದಲ ದಿನ ತಮಾಷೆ ಅಂದ್ಕೊಂಡಳು. ಎರಡನೇ ಸಲ ಕೂಗಾಡಿದಳು. ಆಮೇಲೊಂದು ಭಾನುವಾರ… ಅವತ್ತು ಎರಡನೇ ಪಾಳಿಯವಳು ಬರಲಿಲ್ಲ. ಮೇಲಿನವರು ನನ್ನನ್ನೇ ನಿಲ್ಲಿಸ್ಕೊಂಡ್ರು. ನಾನೇನು ಮಾಡಲಿ? ಬರೋ ಹೊತ್ತಿಗೆ ಕತ್ತಲಾಗಿತ್ತು. ನೀರಿಟ್ಟಿದ್ದೆ, ಊಟ ಇಟ್ಟಿದ್ದೆ, ಹೊಸ ಪುಸ್ತಕ ಕೂಡ ಇಟ್ಟಿದ್ದೆ. ಬಚ್ಚಲು ಒಂದನ್ನ ಮರೆತಿದ್ದೆ.

ಅವಳು ಬಯ್ಯಲಿಲ್ಲ, ಅಳಲಿಲ್ಲ. ತಾನೇ ನೆಲ ಒರೆಸಿದಳು. ನಾನು ಬಟ್ಟೆ ಕಿತ್ಕೊಳ್ಳೋಕೆ ಹೋದ್ರೆ ಕೊಡಲಿಲ್ಲ. ಬೆಳಿಗ್ಗೆ ಎದ್ದು ಚೀಲ ತುಂಬಿ ‘ಹೋಗ್ತೀನಿ’ ಅಂದಳು. ಈ ಮನೆಯಲ್ಲಿ ಯಾರೂ ಹಾಗೆ ಅಂದವರಿಲ್ಲ, ‘ಬರ್ತೀನಿ’ ಅಂತಲೇ ಹೊರಡೋದು. ನಾದಿನಿ ಮಾರನೇ ದಿನ ಬಂದು ಇಲ್ಲೇ ನಿಂತ್ಕೊಂಡು ಅಂದಳು: ‘ಅತ್ತಿಗೆ, ನೀವು ಮಗಳನ್ನ ಸಾಕ್ತಿದ್ದೀರೋ ಗಿಳಿಯನ್ನೋ? ಒಳಗಡೆ ಚಿಲಕ ಬಿದ್ದ ದಿನ ಬರ್ತಾಳಂತೆ. ನೀವು ಹೇಳಿದ್ರೆ ನಂಬಲ್ವಂತೆ.’

ಅದಕ್ಕೇ ಅಣ್ಣ ನಿಮ್ಮನ್ನ ಹುಡುಕ್ಕೊಂಡು ಬಂದದ್ದು. ನಮ್ಮ ಬೀದಿಯಲ್ಲೇ ಬಡಗಿಗಳಿದ್ದಾರೆ. ಆದ್ರೆ ನೀವು ಸಂಜೆ ಅಂಗಡಿಗೆ ವಾಪಸು ಹೋಗ್ತೀರಿ, ಅವಳು ಮೆಟ್ಟಿಲು ಇಳೀತಾಳೆ, ಒಂದು ಮಾತು ಹೇಳ್ತೀರಿ. ‘ನಾನೇ ಹಾಕಿದ್ದೀನಮ್ಮ. ಒಳಗಡೆ. ನಿಮ್ಮಮ್ಮ ಹೊರಗಿಂದ ತಳ್ಳಿದ್ರೂ ಬಾಗಿಲು ಅಲ್ಲಾಡಲಿಲ್ಲ’ ಅಂತ. ಅಷ್ಟು ಸಾಕು. ನಿಮ್ಮ ಬಾಯಿಂದ ಬಂದ್ರೆ ನಂಬ್ತಾಳೆ.

ಆಯ್ತಾ ಕೆಲಸ? ಯಾಕೆ, ಚಿಲಕದ ಪಟ್ಟಿ ಸಮ ಕೂರ್ತಿಲ್ವಾ? ಮರ ಹಳೇದು ಅಣ್ಣ, ಅಲ್ಲಲ್ಲಿ ಗುಂಡಿ ಇರಬಹುದು. ಬಣ್ಣ ಹೊಸದಾಗಿ ಬಳಿದಿದ್ದೀನಿ, ಕೆರೀಬೇಡಿ… ಕೆರೀಬೇಡಿ ಅಂದೆನಲ್ಲ. ಹೇಗೋ ಕೂರಿಸಿ. ಸರಿ. ಈಗ ನೀವು ಒಳಗೇ ಇರಿ, ಬಾಗಿಲು ಹಾಕಿ ಚಿಲಕ ಎಳೀರಿ. ನಾನು ಹೊರಗಿಂದ ತಳ್ತೀನಿ. ನಾನು ತಳ್ಳದೇ ತಳ್ಳಿದೆ ಅಂತ ನೀವು ಹೇಳಬಾರದು.

ಹಾಕಿದ್ರಾ?… ಬಿತ್ತು, ಸದ್ದು ಕೇಳಿಸ್ತು. ತಳ್ತೀನಿ ನೋಡಿ… ಇಲ್ಲ, ಅಲ್ಲಾಡಲಿಲ್ಲ. ಭುಜ ಕೊಟ್ಟು ತಳ್ತೀನಿ… ಊಹೂಂ. ಗಟ್ಟಿಯಾಗಿದೆ. ಒಳ್ಳೇ ಕೆಲಸ ಅಣ್ಣ. ತೆಗೀರಿ ಈಗ.

ಅಣ್ಣ? ತೆಗೀರಿ, ಚಹಾ ಆರಿಹೋಗಿದೆ, ಬೇರೆ ಮಾಡಿಕೊಡ್ತೀನಿ.

ಕೇಳಿಸ್ತಿದೆಯಾ? ಯಾಕೆ ಸುಮ್ಮನೆ ನಿಂತಿದ್ದೀರಿ? ಸ್ಕ್ರೂ ಎಲ್ಲ ಮುಗೀತಲ್ಲ, ಬಾಯಿ ಖಾಲಿ ಇದೆಯಲ್ಲ… ಒಂದು ಹೂಂ ಅನ್ನಿ.

ಬಾಗಿಲು ಮುಚ್ಚಿದ ಮೇಲೆ ಅದರ ಒಳಮೈ ಪೂರ್ತಿ ಕಂಡಿರಬೇಕು ನಿಮಗೆ. ಕಿಟಕಿಯ ಬೆಳಕು ಓರೆಯಾಗಿ ಬೀಳುತ್ತೆ ಅಲ್ಲಿ, ಬಣ್ಣದ ಕೆಳಗಿನದೂ ಕಾಣುತ್ತೆ. ನಾನು ಎರಡು ಸಲ ಬಳಿದೆ. ಆ ಗುಂಡಿಗಳು ಹಳೇ ಮರದ್ದಲ್ಲ. ಅವಳು ಕುರ್ಚಿ ಕಾಲಿನಲ್ಲಿ ಬಡಿದದ್ದು. ಎಣಿಸ್ತಿದ್ದೀರಾ? ಅಷ್ಟು ಹೊತ್ತು, ಅಷ್ಟು ಜೋರಾಗಿ ಬಡಿದ್ರೆ ಅಕ್ಕಪಕ್ಕದವರಿಗೆ ಕೇಳಲಿಲ್ವಾ, ಯಾರೂ ಬರಲಿಲ್ವಾ ಅಂತ ಯೋಚಿಸ್ತಿದ್ದೀರಿ. ಬಂದ್ರು. ಕೆಳಗಿನ ಮನೆ ಅಜ್ಜಿ ಬಂದು ಕೇಳಿದ್ರು. ‘ಏನಿಲ್ಲ ಅಜ್ಜಿ, ಕಪಾಟು ಸರಿಸ್ತಿದ್ದೀವಿ’ ಅಂತ ಹೇಳಿ ಕಳಿಸಿದೆ.

ಹೌದು. ನಾನು ಹೇಳಿ ಕಳಿಸಿದೆ. ನಾನು ಮನೆಯಲ್ಲೇ ಇದ್ದೆ.

ಎರಡನೇ ಪಾಳಿ ಇರಲಿಲ್ಲ ಅಣ್ಣ. ಯಾವತ್ತಿನ ಹಾಗೆ ಮಧ್ಯಾಹ್ನಕ್ಕೇ ಬಂದೆ. ಮೆಟ್ಟಿಲು ಹತ್ತುವಾಗಲೇ ಸದ್ದು ಕೇಳಿಸ್ತಿತ್ತು. ಓಡಿ ಬಂದು ಚಿಲಕದ ಮೇಲೆ ಕೈ ಇಟ್ಟೆ, ದೇವರಾಣೆ ಇಟ್ಟೆ. ಆಗ ಅನ್ನಿಸ್ತು… ಇಷ್ಟು ಜೋರಾಗಿ ಬಡಿಯೋ ಕೈಗೆ ಏನೂ ಆಗಿಲ್ಲ. ಈ ಸದ್ದು ಇರೋವರೆಗೂ ಅವಳು ಇದ್ದಾಳೆ, ಒಳಗೇ ಇದ್ದಾಳೆ. ಬಾಗಿಲು ತೆಗೆದ್ರೆ ಹೊರಟುಹೋಗ್ತಾಳೆ. ಬಾಗಿಲಿಗೆ ಬೆನ್ನು ಕೊಟ್ಟು ಕೂತೆ. ಒಂದೊಂದು ಏಟೂ ಬೆನ್ನಿಗೆ ತಾಕ್ತಿತ್ತು. ಹೊಟ್ಟೆಯಲ್ಲಿದ್ದಾಗ ಒದೀತಿದ್ದಳಲ್ಲ, ಹಾಗೆ. ನನಗೆ ನಿದ್ದೆ ಬಂದ್ಬಿಡ್ತು. ಎಷ್ಟೋ ದಿನದ ಮೇಲೆ ಬಂದ ನಿದ್ದೆ. ಎದ್ದಾಗ ಕತ್ತಲು, ಸದ್ದಿರಲಿಲ್ಲ. ಆಗ ತೆಗೆದೆ. ‘ಈಗ ತಾನೇ ಬಂದೆ ಕಣೇ, ಪಾಳಿ ತಡವಾಯ್ತು’ ಅಂದೆ. ಅವಳು ನನ್ನ ಮುಖ ನೋಡಲಿಲ್ಲ. ಬಾಗಿಲ ಕೆಳಗಿನ ಸಂದಿ ನೋಡಿದಳು. ಅಲ್ಲಿ ನನ್ನ ಸೆರಗಿನ ಅಂಚು ಸಿಕ್ಕಿಹಾಕ್ಕೊಂಡು ಒಳಗೆ ಬಂದಿತ್ತು. ಎಷ್ಟು ಹೊತ್ತಿಂದ ಅದನ್ನ ನೋಡ್ತಾ ಕೂತಿದ್ದಳೋ.

ಒಳಗಡೆ ಚಿಲಕ ಬೀಳದೇ ಬರಲ್ಲ, ಅಮ್ಮ ಹೇಳಿದ್ರೆ ನಂಬಲ್ಲ ಅಂದದ್ದು ಯಾಕೆ ಅಂತ ನನಗೆ ಗೊತ್ತು. ನಾದಿನಿಗೆ ಗೊತ್ತಿಲ್ಲ. ನಿಮಗೆ ಈಗ ಗೊತ್ತಾಯ್ತು.

ಅಣ್ಣ, ತೆಗೀರಿ ಅಂತ ನಾನು ಇನ್ನು ಕೇಳಲ್ಲ. ನಿಮಗೆ ಯಾವಾಗ ತೆಗೀಬೇಕು ಅನ್ನಿಸುತ್ತೋ ಆಗ ತೆಗೀರಿ. ಇಲ್ಲಿ ಕಾದು ನಿಂತಿರೋದೂ ಇಲ್ಲ, ಅಡುಗೆಮನೆಗೆ ಹೋಗ್ತೀನಿ. ಹೋಗುವಾಗ ನನಗೆ ಹೇಳಬೇಕು ಅಂತಿಲ್ಲ. ಅವಳು ಮೆಟ್ಟಿಲು ಇಳಿದು ಬಂದು ಕೇಳಿದ್ರೆ, ಚಿಲಕ ಒಳಗಡೆ ಇದೆ ಅಂತ ಹೇಳಿ. ಕೇಳದೇ ಇದ್ರೆ ಅದನ್ನೂ ಹೇಳಬೇಡಿ. ‘ನಿಮ್ಮಮ್ಮ ಬಾ ಅಂದಳು’ ಅಂತ ಮಾತ್ರ ಹೇಳಬೇಡಿ ಅಣ್ಣ.

ಇಷ್ಟೇ ಬರೆಯಲು ಬಂದದ್ದು. ಅಕ್ಷರದಲ್ಲಿಯೂ ಮಾತಿನಲ್ಲಿಯೂ ತಪ್ಪುಗಳಿದ್ದರೆ ಓದಿದವರು ದಯವಿಟ್ಟು ಕ್ಷಮಿಸಬೇಕು.