ಮಾವಯ್ಯನಿಗೆ ಜೊತೆ

ಅಯ್ಯೋ, ಹಾಗೆ ಕೂದಲು ಹಿಡಿದು ಎತ್ತಬೇಡ ಕಣೇ! ಹೊಟ್ಟೆ ಕೆಳಗೆ ಒಂದು ಕೈ ಕೊಡು... ಇನ್ನೊಂದು ಕೈ ಹಿಂದುಗಡೆ... ಹಾಂ, ಹಾಗೆ. ಈಗ ಎದೆಗೆ ಒತ್ತಿ ಹಿಡ್ಕೋ. ಯಾಕೆ ನಗ್ತೀಯ? ಗೊತ್ತು ಬಿಡು, ಹಳೇ ಸ್ವೆಟರ್ ಬಿಚ್ಚಿ ಉಂಡೆ ಮಾಡಿಟ್ಟ ಹಾಗಿದೆ ಅಂತ ತಾನೆ? ಇವೂ ಗಿನಿಪಿಗ್ಗೇ, ನಮ್ಮ ಮಾವಯ್ಯನ ಕುಲವೇ. ಅವನದ್ದು ನುಣುಪು ಕೂದಲು, ಇವುಗಳದ್ದು ಗುಂಗುರು. ಟೆಕ್ಸೆಲ್ ಅಂತಾರಂತೆ ಈ ಜಾತಿಗೆ. ಈ ಊರಲ್ಲಿ ಬೇರೆ ಯಾರ ಮನೇಲೂ ಇಲ್ಲ ನೋಡು! ಎರಡೂ ಗಂಡು. ಅಣ್ಣ-ತಮ್ಮ.

ಎಲ್ಲಿಂದ ಅಂದ್ರೆ... ಆ ಪ್ರಾಣಿ ಡಾಕ್ಟರಿಲ್ವಾ, ಬೂದು ಕೋಟು ಹೊಲಿಸ್ಕೊಂಡು ಹೋದೋರು, ಅವರು ಕೊಟ್ರು. ತಂದು ಸುಮಾರು ದಿನ ಆಯ್ತು. ಇಲ್ಲೇ ಟ್ರಯಲ್ ರೂಮಲ್ಲಿ ಇಟ್ಟಿದ್ದೆ. ಹೊಸಬರನ್ನ ತಂದ ತಕ್ಷಣ ಹಳಬರ ಹತ್ರ ಬಿಡೋ ಹಾಗಿಲ್ಲವಂತೆ, ಏನಾದ್ರೂ ಕಾಯಿಲೆ ಇದ್ರೆ ಅಂಟಿಬಿಡುತ್ತೆ. ಒಬ್ಬ ಗಿರಾಕಿ ಪ್ಯಾಂಟು ಹಾಕಿ ನೋಡ್ತೀನಿ ಅಂತ ಒಳಗೆ ಹೋದವನು ಅರ್ಧ ಪ್ಯಾಂಟಲ್ಲೇ ಓಡಿಬಂದ, ಇಲಿ ಇಲಿ ಅಂತ! ಹ್ಹಹ್ಹ... ನೀನು ಮಹಡಿ ಮೇಲೆ ಕೂತು ಗುಂಡಿ ತೂತಿಗೆ ಕಾಜಾ ಹಾಕ್ತಿರ್ತೀಯ, ನಿನಗೆಲ್ಲಿ ಗೊತ್ತಾಗ್ಬೇಕು ಕೆಳಗಡೆ ಅಂಗಡಿ ಕಥೆ.

ಏನಂದೆ? ಮುಚ್ಚಿಡೋದು ಕಲಿತುಬಿಟ್ಟಿದ್ದೀನಾ? ...ಇದೊಂದೇ ಕಣೇ. ಇದೊಂದನ್ನೇ ಮುಚ್ಚಿಟ್ಟಿದ್ದು.

ಬಾ, ನೆಲದ ಮೇಲೇ ಕೂತ್ಕೋ. ಅಂಗಡಿ ಬಾಗಿಲು ಹಾಕಿದ್ದೀನಿ, ಯಾರೂ ಬರಲ್ಲ. ಅಮ್ಮಾ... ಇಲ್ಲ, ಏನಿಲ್ಲ, ಕಾಲು ಜೋಮು ಹಿಡಿದಿದೆ. ಸ್ವೆಟರ್ ಯಾಕೆ ಬಿಚ್ಚಲಿ? ನನಗೆ ಚಳಿ. ನಿನಗೆ ಸೆಖೆ ಆದ್ರೆ ಫ್ಯಾನ್ ಹಾಕ್ಕೋ.

ನೋಡು, ಗಂಡುಗಳನ್ನ ಸೇರಿಸೋದು ಅಂದ್ರೆ ಹುಡುಗಾಟ ಅಲ್ಲ. ಸರಿಯಾಗಿ ಕೇಳಿಸ್ಕೋ. ಸೀದಾ ಮಾವಯ್ಯನ ಗೂಡಿಗೇ ಬಿಟ್ಟೆ ಅಂತಿಟ್ಕೋ, ನನ್ನ ಮನೆಗೆ ಯಾವನೋ ನುಗ್ಗಿದ ಅಂತ ರಕ್ತ ಬರೋ ಹಾಗೆ ಕಚ್ತಾನೆ. ಅದಕ್ಕೇ ಮೊದಲು ವಾಸನೆ ಪರಿಚಯ. ಅವನು ಮಲಗಿದ ಚಿಂದಿ ಬಟ್ಟೆ ಇವುಗಳಿಗೆ, ಇವು ಮಲಗಿದ್ದು ಅವನಿಗೆ. ಟೈಲರ್ ಅಂಗಡೀಲಿ ಚಿಂದಿಗೆ ಬರವೇ? ಅದಾದ ಮೇಲೆ ಯಾರದ್ದೂ ಅಲ್ಲದ ಜಾಗಕ್ಕೆ ಬಿಡಬೇಕು. ಈ ಮೇಜಿನ ಕೆಳಗಡೆ ವಿನೆಗರ್ ಹಾಕಿ ಒರೆಸಿದ್ದೀನಿ, ಯಾರ ವಾಸನೆಯೂ ಇಲ್ಲ. ಅಡಗೋಕೆ ಪೆಟ್ಟಿಗೆ ಇಟ್ಟಿದ್ದೀನಿ ನೋಡು, ಒಂದೊಂದಕ್ಕೂ ಎರಡೆರಡು ಬಾಗಿಲು. ಸಿಟ್ಟು ಬಂದವನಿಗೆ ಹೊರಗೆ ಹೋಗೋಕೆ ಇನ್ನೊಂದು ದಾರಿ ಇರಬೇಕು. ಮೂಲೆಗೆ ಸಿಕ್ಕಿಹಾಕಿಕೊಂಡ್ರೆ ಎಂಥಾ ಸಾಧುವೂ ಕಚ್ತಾನೆ.

ಬಿಡು ಈಗ. ಮೆಲ್ಲಗೆ... ಅಗೋ ಬಂದ ನಮ್ಮ ಮಾವಯ್ಯ! ಗತ್ತು ನೋಡು, ಬೀಗರ ಮನೆಗೆ ಬಂದ ಹಾಗೆ. ಗುರ್ರ್ ಅಂತ ಸೊಂಟ ಕುಣಿಸ್ತಿದ್ದಾನಲ್ಲ, ಅದು ಕೋಪ ಅಲ್ಲ, ನಾನೇ ಯಜಮಾನ ಅಂತ ಡಂಗುರ. ಅದಕ್ಕೆ ಹೆದರಬೇಡ. ಹಲ್ಲು ಕಟಕಟ ಅಂದ್ರೆ ಮಾತ್ರ ಹುಷಾರು. ಆಗ ನಡುವೆ ಕೈ ಹಾಕಬೇಡ, ಟವೆಲ್ ಹಾಕು. ನೆನಪಿಟ್ಕೋ, ಟವೆಲ್.

ಎಷ್ಟು ದಿನ ಆಗಿತ್ತು ಕಣೇ, ಇವನು ಹೀಗೆ ತಲೆ ಎತ್ತಿ. ಇವನ ಜೊತೆಗಾರ ಗುಂಡಣ್ಣ ಹೋದಾಗಿಂದ ಗೋಡೆ ಕಡೆ ಮುಖ ಮಾಡಿ ಕೂತೋನು... ಸೌತೆಕಾಯಿ ಕೊಟ್ರೂ ಮೂಸಿ ಬಿಡ್ತಿದ್ದ. ಒಂಟಿಯಾಗಿ ಬಾಳಲ್ಲ ಇವು. ಜೊತೆಯವನು ಹೋದ್ರೆ ಅದೇ ಕೊರಗಲ್ಲಿ... ಅದಕ್ಕೇ ಎರಡು ತಂದಿದ್ದು. ಮಾವಯ್ಯನಿಗೂ ವಯಸ್ಸಾಯ್ತು. ನಾಳೆ ಅವನು ಹೋದ್ರೆ ಉಳಿದವನು ಒಬ್ಬನೇ ಕೂರಬಾರದಲ್ಲ? ಮುಂಚೇನೇ ಯೋಚನೆ ಮಾಡಬೇಕಪ್ಪ ಇಂಥದ್ದನ್ನೆಲ್ಲ.

ಆ ಗುಂಡಣ್ಣ ಎಂಥಾ ಕಳ್ಳ! ಕೊನೆ ದಿನದವರೆಗೂ ಹುಲ್ಲು ಬಾಯಲ್ಲಿ ಇಟ್ಕೊಂಡು ತಿಂದ ಹಾಗೆ ನಾಟಕ ಆಡ್ತಿದ್ದ. ಕಾಯಿಲೆ ತೋರಿಸ್ಕೊಂಡ್ರೆ ಯಾರಾದ್ರೂ ಹಿಡಿದು ತಿಂದುಬಿಡ್ತಾರೆ ಅನ್ನೋ ಭಯವಂತೆ ಇವುಗಳಿಗೆ, ಹುಟ್ಟುಗುಣ. ನೀನವತ್ತು ಎಷ್ಟು ಅತ್ತೆ... ಮೊದಲೇ ಗೊತ್ತಾಗಿದ್ರೆ ಮಡಿಲಲ್ಲಾದ್ರೂ ಇಟ್ಕೊಂಡಿರ್ತಿದ್ದೆ ಅಂತ. ನನಗೆ ಮರೆತಿಲ್ಲ ಆ ಮಾತು.

ಈ ಗುಂಗುರು ಜಾತೀಲಿ ಇನ್ನೂ ಮೋಸ ಕಣೇ. ಮೇಲೆ ನೋಡೋಕೆ ದುಂಡಗೆ, ಒಳಗೆ ಏನೂ ಇರಲ್ಲ. ಅದಕ್ಕೇ ವಾರವಾರ ಕೂದಲೊಳಗೆ ಕೈ ಹಾಕಿ ಬೆನ್ನುಮೂಳೆ ಮುಟ್ಟಿ ನೋಡಬೇಕು. ಎಲ್ಲಿ, ಮುಟ್ಟಿ ನೋಡು... ಹಾಂ, ಮೇಲೆ ಮಾಂಸ ಸಿಗುತ್ತಲ್ಲ, ಹಾಗಿರಬೇಕು. ಮಣಿ ಮಣಿ ಸಿಕ್ತು ಅಂದ್ರೆ ಕೆಲಸ ಕೆಟ್ಟಿತು ಅಂತ. ಮರೀಬೇಡ ಇದನ್ನ.

ನಾನೆಲ್ಲಿಗೆ ಹೋಗ್ತೀನಿ? ಇಲ್ಲೇ ಇರ್ತೀನಿ! ಇಬ್ಬರಿಗೂ ಗೊತ್ತಿರಲಿ ಅಂತ ಹೇಳಿದೆ, ಅಷ್ಟೇ. ನೀನೊಬ್ಬಳು, ಮಾತಿಗೆ ಮಾತು...

ಅಂದ ಹಾಗೆ... ನಿಮ್ಮಕ್ಕನಿಗೆ ಫೋನ್ ಮಾಡಿದ್ದೆ.

ಹಾಗೆ ದುರುಗುಟ್ಟಿ ನೋಡಬೇಡ. ಹೌದು, ನಾನೇ ಮಾಡಿದೆ. ಕತ್ತರಿ ಹಿಡಿಯೋನನ್ನ ಕಟ್ಕೊಂಡು ಏನು ಸುಖ ಪಟ್ಟೆ ಅಂತ ಎಲ್ಲರ ಎದುರಿಗೆ ನಿನ್ನನ್ನ ಕೇಳಿದಳು, ಸರಿ. ಅಂದಿದ್ದು ನನ್ನನ್ನ ತಾನೆ? ನಾನೇ ಮರೆತಿದ್ದೀನಿ, ನೀನ್ಯಾಕೆ ಇನ್ನೂ ಗಂಟು ಹಾಕಿ ಇಟ್ಕೊಂಡಿದ್ದೀಯ? ಅವಳ ಮನೇಲೂ ಈಗ ಯಾರಿಲ್ಲ. ಭಾವ ಹೋದ ಮೇಲೆ ಒಬ್ಬಳೇ. ಫೋನಲ್ಲಿ ನನ್ನ ದನಿ ಕೇಳಿ ಅತ್ತಳು ಕಣೇ. ಭಾನುವಾರ ಬರ್ತಾಳೆ. ಮನೆಗಲ್ಲ! ಕೆರೆ ಪಕ್ಕದ ಪಾರ್ಕಿಗೆ. ನಿನ್ನ ಮನೆಯೂ ಅಲ್ಲ, ಅವಳ ಮನೆಯೂ ಅಲ್ಲ. ಎರಡು ಗೇಟಿದೆ ಅಲ್ಲಿ, ಸಿಟ್ಟು ಬಂದ್ರೆ ಯಾವುದರಿಂದಾದ್ರೂ ಎದ್ದು ಹೋಗು. ಆದ್ರೆ ಹೋಗಬೇಡ. ನಮಗೆ ಮಕ್ಕಳೂ ಇಲ್ಲ... ನಿನಗೆ ಯಾರಾದ್ರೂ ಬೇಕಲ್ಲ, ಚಹಾ ಸರಿಯಾಗಿಲ್ಲ ಅಂತ ಜಗಳ ಆಡೋಕಾದ್ರೂ...

ಯಾಕೆ ಹಿಂದಕ್ಕೆ ಸರಿದು ಕೂತೆ?

ನಿಮ್ಮಕ್ಕ ಬರಬಾರದು ಅಂದ್ರೆ ಬೇಡ ಅನ್ನು. ಅಗೋ, ಅಗೋ ನೋಡು! ಆ ಚಿಕ್ಕೋನು ಮಾವಯ್ಯನ ಗಲ್ಲದ ಕೆಳಗೇ ತಲೆ ತೂರಿಸಿದ! ಇವನೂ ಸುಮ್ಮನೆ ನಿಂತಿದ್ದಾನೆ. ಸೇರಿಸ್ಕೊಂಡ ಕಣೇ, ಸೇರಿಸ್ಕೊಂಡ! ಅಲ್ಲಿ ನೋಡು ಅಂದ್ರೆ... ನನ್ನನ್ನೇನು ನೋಡ್ತೀಯ? ನನ್ನ ಬೆನ್ನ ಹಿಂದೆ ಏನಿದೆ?

ಓ. ಪ್ಯಾಂಟಾ? ಬಗ್ಗಿದ್ನಲ್ಲ, ಸ್ವೆಟರ್ ಮೇಲೆ ಹೋಗಿದೆ... ಹೊಲಿಗೆ ಬಿಟ್ಟಿತ್ತು ಕಣೇ, ನಾನೇ ಹಾಕ್ಕೊಂಡೆ. ನಿನಗೇ ಕೊಡಬಹುದಿತ್ತು, ನಿಜ. ನನ್ನ ಪ್ಯಾಂಟಿನ ಕೊಕ್ಕೆ, ಗುಂಡಿ ಎಲ್ಲ ನಿನ್ನ ಕೈಯದ್ದೇ ತಾನೆ ಯಾವತ್ತೂ... ನೀನು ಮಧ್ಯಾಹ್ನ ಮಲಗಿದ್ದೆ, ಏಳಿಸೋದು ಯಾಕೆ ಅಂತ...

ಜೇಬು ಮುಟ್ಟಬೇಡ.

ಗೊತ್ತು. ಗೊತ್ತು ಕಣೇ. ಹಿಂದಿನ ಎರಡೂ ಜೇಬು ಒಂದಕ್ಕೊಂದು ತಾಗ್ತಿವೆ. ಪ್ಯಾಂಟಿನ ಸೊಂಟ ಅಷ್ಟು ಹಿಡಿದು ಚಿಕ್ಕದು ಮಾಡಿದ್ರೆ ಜೇಬು ಹತ್ರ ಬರುತ್ತೆ, ಕಲಿಯೋಕೆ ಬಂದ ಹುಡುಗರಿಗೆಲ್ಲ ನಾನೇ ಹೇಳಿಕೊಟ್ಟಿದ್ದು. ಜೇಬು ಬಿಚ್ಚಿ ದೂರ ಕೂರಿಸಬೇಕಿತ್ತು. ಕೂರೋಕೆ ಆಗಲಿಲ್ಲ ಅಷ್ಟು ಹೊತ್ತು. ಸುಸ್ತಾಯ್ತು.

ಬೇಡ... ಸ್ವೆಟರ್ ಒಳಗೆ ಕೈ ಹಾಕಬೇಡ... ನಿನ್ನ ಕೈ ತಣ್ಣಗಿದೆ...

ಮಣಿ ಮಣಿ ಸಿಕ್ತಾ?

ಹೊಟ್ಟೆಯೊಳಗೆ ಗಡ್ಡೆ ಅಂದ್ರು ಆಸ್ಪತ್ರೇಲಿ. ಆಪರೇಷನ್‌ಗೂ ತಡ ಆಯ್ತಂತೆ. ಹೇಳಬೇಕು ಅಂತಾನೇ ಮಹಡಿ ಹತ್ತಿ ಬರ್ತಿದ್ದೆ ಕಣೇ. ನೀನು ಕನ್ನಡಕ ಮೂಗಿನ ತುದಿಗೆ ಇಳಿಸ್ಕೊಂಡು ಸೂಜಿಗೆ ದಾರ ಪೋಣಿಸ್ತಿರ್ತಿದ್ದೆ, ಊಟ ಬಡಿಸ್ಲಾ ಅಂತಿದ್ದೆ. ನಾನು ಹೂಂ ಅಂತಿದ್ದೆ. ನೀನು ಆ ಕಡೆ ತಿರುಗಿದಾಗ ತಟ್ಟೆಯದ್ದು ಪೇಪರಿಗೆ ಸುರಿದು ಸುತ್ತಿ... ಗುಂಡಣ್ಣನ ಹಾಗೇ ಕಣೇ. ನನಗೂ ಭಯ. ನಿನ್ನ ಮುಖ ನೋಡೋ ಭಯ.

ಅಳು, ಪರವಾಗಿಲ್ಲ. ಇಲ್ಲ, ಬೈಯಿ. ಬೈದ್ರೂ ಸರಿ... ಹೀಗೆ ಬೆನ್ನ ಮೇಲೆ ಕೈಯಿಟ್ಟು ಮೂಳೆ ಎಣಿಸ್ತಾ ಕೂರಬೇಡ.

ಬಟ್ಟೆ ಕತ್ತರಿಸಿಲ್ಲ ಕಣೇ. ನಿಜವಾಗ್ಲೂ. ಬೇಕಾದ್ರೆ ಬಿಚ್ಚಿ ನೋಡು, ಹೆಚ್ಚಿಗೆ ಬಂದಿದ್ದನ್ನೆಲ್ಲ ಹಾಗೇ ಒಳಗೆ ಮಡಚಿ ಹೊಲಿದಿದ್ದೀನಿ. ಮತ್ತೆ ಮೈ ತುಂಬಿಕೊಂಡ್ರೆ ಬಿಡಿಸ್ಕೊಳ್ಳೋಣ ಅಂತ... ಒಂದಿಂಚೂ ಕತ್ತರಿಸಿಲ್ಲ.